ನಿಂಬೆ ಗಿಡಕ್ಕೆ ಬೂದಿ ಹಾಕಿದವರು

ಗಾಂಧಿನಗರದ ನಮ್ಮ ಮನೆಗೆ ಇರಲು ಬಂದಾಗ ಅಪ್ಪ ಎರಡು ಷರತ್ತು ಹಾಕಿದ. ಗೀಸರ್ ನೀರು ಬೇಡ, ಹಿತ್ತಲಲ್ಲಿ ಕಟ್ಟಿಗೆ ಒಲೆಯೇ ಆಗಬೇಕು. ಮತ್ತೆ, ಕುರುಗೋಡಿನ ತನ್ನ ನಿಂಬೆ ಗಿಡದ ಸಸಿಯೊಂದನ್ನು ಇಲ್ಲಿ ನೆಡಬೇಕು. "ಅದು ಬೇರು ಬಿಟ್ರ ನಾನೂ ಇರ್ತೀನಿ. ಇಲ್ಲಂದ್ರ ಊರಿಗೆ ಹೋಗಾವನ," ಎಂದ. ತಮಾಷೆ ಎಂದುಕೊಂಡೆ.

ಬೂದಿಗೆ ಅವನದೇ ಶಾಸ್ತ್ರ. ಬಣ್ಣ ಹಚ್ಚಿದ ಕಟ್ಟಿಗೆ, ಪ್ಲೈವುಡ್ ಚೂರು ಒಲೆಗೆ ಹಾಕುವಂತಿಲ್ಲ, ಅದರ ಬೂದಿ ವಿಷ. ಒಳಗೆ ಕೆಂಡ ಉಳಿದಿರಬಹುದೆಂದು ಬೂದಿಯನ್ನು ತಗಡಿನ ಡಬ್ಬಿಯಲ್ಲಿ ಎರಡು ದಿನ ಆರಿಸುತ್ತಿದ್ದ. ಆಮೇಲೆ ಬುಡಕ್ಕೆ ತಾಗದಂತೆ, ಗೇಣು ದೂರದಲ್ಲಿ ಒಂದು ಹಿಡಿ ಉದುರಿಸಿ ಮಣ್ಣು ಕೆದಕುವುದು. ಊರಲ್ಲಿ ಹೀಗೇ ಮಾಡಿ ಬುಟ್ಟಿಗಟ್ಟಲೆ ನಿಂಬೆ ಇಳಿಸಿದವನು.

ಇಲ್ಲಿ ನೆಟ್ಟ ಸಸಿಯ ಎಲೆ ಮಾತ್ರ ಹಳದಿಯಾಯಿತು. ನರ ಹಸಿರು, ಉಳಿದದ್ದೆಲ್ಲ ಹಳದಿ. ನೀರು ಜಾಸ್ತಿಯಾಯಿತು ಎಂದಳು ಪಕ್ಕದ ಮನೆಯಾಕೆ. ಕಡಿಮೆಯಾಯಿತು ಎಂದ ಅವಳ ಗಂಡ. ಸಿರುಗುಪ್ಪದ ಕಡೆ ದೇಶನೂರಿನಲ್ಲಿ ಭತ್ತ ಬೆಳೆಯುವ ನನ್ನ ಮೈದುನ, "ಬೂದಿ ಹಾಕ್ರಿ ಅತ್ತಿಗಿ, ಚಿಂತಿ ಬಿಡ್ರಿ," ಎಂದು ಫೋನಿಟ್ಟ. ನನಗೆ ತಲೆ ಚಿಟ್ಟು ಹಿಡಿಯಿತು. ಯಾರನ್ನು ನಂಬಲಿ?

"ನನ್ನ ಕೈಗುಣ ಈ ಊರಾಗ ನಡಿಯಂಗಿಲ್ಲ ಬಿಡವ್ವಾ," ಎನ್ನುತ್ತ ಅಪ್ಪ ಒಂದು ದಿನ ಧೋತರ ಮಡಚಿ ಚೀಲಕ್ಕೆ ಇಡತೊಡಗಿದ. ಹೇಗೋ ಮಾತಾಡಿ ತಡೆದೆ. ಅಂದಿನಿಂದ ದಿನಾ ಮಧ್ಯಾಹ್ನ ಅವನು ಮಲಗಿದ ಮೇಲೆ, ಡಬ್ಬಿಯಿಂದ ನಾನೂ ಒಂದು ಹಿಡಿ ಬೂದಿ ಹಾಕತೊಡಗಿದೆ. ಗಿಡ ಇನ್ನಷ್ಟು ಬಿಳಿಚಿಕೊಂಡಿತು.

ಕೊನೆಗೆ ಅಪ್ಪನನ್ನೂ ಒಂದಿಷ್ಟು ಮಣ್ಣನ್ನೂ ಆಟೋದಲ್ಲಿ ಕೂರಿಸಿಕೊಂಡು ಕಂಟೋನ್ಮೆಂಟಿನ ನರ್ಸರಿಗೆ ಹೋದೆ. ಬೂದಿ ಹಾಕಿದ್ದನ್ನು ಅಪ್ಪ ಹೇಳಿದಾಗ ಅಲ್ಲಿಯ ಮುದುಕ ಮಣ್ಣಿನ ಮೇಲೆ ನಿಂಬೆಹಣ್ಣು ಹಿಂಡಿದ. ಸಣ್ಣಗೆ ನೊರೆ ಎದ್ದಿತು.

"ನಿಮ್ಮ ಕರಿ ಎರಿ ಮಣ್ಣಾಗ ಸುಣ್ಣ ಮೊದ್ಲ ತುಂಬೈತಿ. ಅದರ ಮ್ಯಾಲ ಸುಣ್ಣದಂಥ ಬೂದಿ ಹಾಕಿದ್ರ ಗಿಡ ಏನ್ ತಿನಬೇಕ್ರಿ? ಎಷ್ಟು ಹಾಕೀರಿ?"

"ದಿನಾ ಒಂದು ಹಿಡಿ ಹಾಕೀನ್ರಿ," ಎಂದೆ. ಅದೇ ಗಳಿಗೆಗೆ ಅಪ್ಪನೂ, "ಒಂದು ಹಿಡಿ," ಎಂದ.

ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಲೇ ಹುಚ್ಚಿ, ನೀನೂ ಹಾಕಾಕತ್ತಿದ್ದೇನು?"

"ಮತ್ತೇನ್ ಮಾಡ್ಲಿ? ನೀ ಗಂಟು ಕಟ್ಟಿಕೊಂಡು ಕುಂತಿದ್ದಿ!" ನರ್ಸರಿ ತುಂಬ ಕೇಳುವಂತೆ ಕೂಗಿಬಿಟ್ಟೆ. ಕಣ್ಣೀರೂ ಬಂತು, ಹಾಳಾದ್ದು.

ಮನೆಗೆ ಬಂದು ಬೂದಿಯನ್ನೆಲ್ಲ ಕೆರೆದು ತೆಗೆದೆವು. ಊರಿನ ಕೆಂಪು ಮಸಾರಿ ಮಣ್ಣಿಗೆ ಅಮೃತವಾದದ್ದು ಇಲ್ಲಿ ವಿಷವಾಗುವುದು ಹೇಗೋ, ನನಗಿನ್ನೂ ಪೂರ್ತಿ ತಲೆಗೆ ಹೋಗಿಲ್ಲ.

ಮರುದಿನ ಅಪ್ಪ ಬೂದಿ ಡಬ್ಬಿಯನ್ನೂ ಚೀಲವನ್ನೂ ಎತ್ತಿಕೊಂಡು ಕುರುಗೋಡಿನ ಬಸ್ ಹತ್ತಿದ. ತಿರುಗಿ ಬರುತ್ತಾನೋ ಇಲ್ಲವೋ ಎಂದು ದಿನವಿಡೀ ಗೇಟಿಗೂ ಅಡುಗೆಮನೆಗೂ ಓಡಾಡಿದೆ. ಸಂಜೆ ನಾಲ್ಕಕ್ಕೆ ಖಾಲಿ ಡಬ್ಬಿ ಹಿಡಿದು ಬಂದ.

"ಊರ ಗಿಡಕ್ಕ ಹಾಕಿ ಬಂದೆ. ಇನ್ನ ಈ ಡಬ್ಬಿ ತುಂಬೋತನಕ ಹೋಗಂಗಿಲ್ಲ," ಎಂದ.

ಹಿತ್ತಲ ಗಿಡ ಇನ್ನೂ ಹಳದಿಯೇ. ಉಳಿಯುತ್ತೋ ಬಿಡುತ್ತೋ ತಿಳಿಯದು. ನಾನು ಮಾತ್ರ ಈಗ ಪಾತ್ರೆಗಳನ್ನೆಲ್ಲ ಬೂದಿಯಲ್ಲೇ ತಿಕ್ಕುತ್ತೇನೆ. ಅಪ್ಪ ನೋಡದಿದ್ದಾಗ, ಆ ಡಬ್ಬಿಯಿಂದಲೇ ತೆಗೆದು.