ಮೂಕಿ ಎಂದು ಹೆಸರಾದ ವಿರೂಪಾಕ್ಷಮ್ಮ

ಹನುಮನಹಳ್ಳಿಯಲ್ಲಿ ವಿರೂಪಾಕ್ಷಮ್ಮನ ದನಿಗೆ ಅಂಜದವರು ಕಡಿಮೆ. ಕಾಲುವೆಗೆ ನೀರು ಬಿಟ್ಟ ದಿನ ಮೇಲಿನ ಗದ್ದೆಯವರು ನೀರು ಕಟ್ಟಿಕೊಂಡರೆ ಆಕೆ ಬದುವಿನ ಮೇಲೆ ನಿಂತು ಒಂದು ಸಲ ಕೂಗುತ್ತಿದ್ದಳು. ಅಷ್ಟಕ್ಕೇ ನಾಲ್ಕು ಗದ್ದೆ ಆಚೆ ಇದ್ದವನೂ ಸಲಿಕೆ ಹಿಡಿದು ಓಡಿ ಬರುತ್ತಿದ್ದ. ಇಂಥ ಹೆಂಗಸು ಎರಡು ವರ್ಷ, ಊರೂರಿನಿಂದ ಬಂದ ಪ್ರವಾಸಿಗರ ಪಾಲಿಗೆ ಹುಟ್ಟು ಮೂಕಿಯಾಗಿದ್ದಳು. ಅದು ಆಕೆಗೆ ಗೊತ್ತೇ ಇರಲಿಲ್ಲ.

ಆಕೆಯ ತವರು ಯಲಬುರ್ಗಾ ಕಡೆ, ಕರಿಮಣ್ಣಿನ ಊರು. ಜೋಳ, ಕಡಲೆ, ಕುಸುಬಿ ಬೆಳೆಯುವ ಸೀಮೆ. ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ತುಂಗಭದ್ರೆಯ ದಂಡೆಗೆ, ಭತ್ತದ ನಾಡಿಗೆ ಬಂದಳು. ಬಂದ ಮೂರನೆಯ ದಿನ ರೊಟ್ಟಿ ಬಡಿದಿಟ್ಟರೆ ಅತ್ತೆ ರೊಟ್ಟಿ ಬುಟ್ಟಿಯನ್ನು ಕಾಲಿನಿಂದ ಸರಿಸಿ, "ನಿಮ್ಮೂರಾಗ ತಿನ್ನೂದನ್ನ ನಮ್ಮ ಮನ್ಯಾಗ ತರಬ್ಯಾಡ. ನಾವು ಅನ್ನ ಉಣ್ಣೋ ಮಂದಿ" ಅಂದಿದ್ದಳು. ವಿರೂಪಾಕ್ಷಮ್ಮ ಅಂದೇ ಜಗಳ ಮಾಡಿದಳು. ಆಮೇಲೆ ಹನ್ನೆರಡು ವರ್ಷ, ಅತ್ತೆ ಸಾಯುವ ತನಕ, ಆ ಮನೆಯಲ್ಲಿ ಎರಡು ಒಲೆ ಉರಿದವು. ಗಂಡ ಅಂದಪ್ಪ ಕಾಲುವೆ ಕಾಯುವ ದಿನಗೂಲಿಯವನು. ತಾಯಿಯ ಒಲೆಯಲ್ಲಿ ಅನ್ನ ಉಂಡು ಹಿತ್ತಲಿಗೆ ಬಂದು ಹೆಂಡತಿಯ ಕೈಯಿಂದ ಒಂದು ರೊಟ್ಟಿ ತಿನ್ನುತ್ತಿದ್ದ. ಅವನು ಎದೆನೋವಿನಿಂದ ತೀರಿಕೊಂಡಾಗ ಆಕೆಗೆ ನಲವತ್ತಾರು. ಒಬ್ಬಳೇ ಮಗಳು ಸಹನಾಳನ್ನು ಆಗಲೇ ಭಾಗ್ಯನಗರಕ್ಕೆ ಕೊಟ್ಟಾಗಿತ್ತು.

ಹನುಮ ಹುಟ್ಟಿದ ಗುಡ್ಡವೆಂದು ಹೆಸರಾದ ಅಂಜನಾದ್ರಿಗೆ ಜನ ಹೆಚ್ಚಾದಂತೆ ಸುತ್ತಲಿನ ಗದ್ದೆ ತೋಟಗಳಲ್ಲಿ ಅತಿಥಿಗಳು ತಂಗುವ ಮನೆಗಳು ಎದ್ದವು. ಗಂಗಾವತಿಯ ಅಕ್ಕಿ ಗಿರಣಿ ಮನೆತನದ ಶೈಲಜಾ ಎಂಬಾಕೆ ಊರಾಚೆಯ ತನ್ನ ಬಾಳೆತೋಟದಲ್ಲಿ ನಾಲ್ಕು ಕೋಣೆಯ ವಿಲ್ಲಾ ಕಟ್ಟಿಸಿದಳು. ಕೆಂಪು ಹೆಂಚು, ಈಜಲು ಒಂದು ಸಣ್ಣ ಕೊಳ, ತೆಂಗಿನ ಗರಿ ಹೊದಿಸಿದ ತೆರೆದ ಅಡುಗೆಮನೆ. ಗುಡ್ಡ ಹತ್ತಿ ಇಳಿದು ಬಂದವರು ಅಲ್ಲಿ ಉಳಿದು, ಬೆಳಿಗ್ಗೆ ಎರಡು ತಾಸು ಈ ಸೀಮೆಯ ಅಡುಗೆ ಕಲಿಯಬಹುದಿತ್ತು. ಇಂಗ್ಲಿಷಿನಲ್ಲಿ ವಿವರಿಸುವವಳು ಶೈಲಜಾ. ಆದರೆ ಆಕೆಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹೀಗಾಗಿ ವಿರೂಪಾಕ್ಷಮ್ಮನನ್ನು ಸಂಬಳಕ್ಕೆ ಇಟ್ಟುಕೊಂಡಳು. ಮಾತು ಶೈಲಜಾಳದು, ಕೈ ಮಾತ್ರ ಆಕೆಯದು.

ಮೊದಲ ವರ್ಷ ವಿರೂಪಾಕ್ಷಮ್ಮ ತನಗೆ ತಿಳಿದಂತೆ ಕಲಿಸಿದಳು, ಅಂದರೆ ಬೈಯುತ್ತ ಕಲಿಸಿದಳು. ಕುದಿಯುವ ನೀರು ಹಾಕದೆ ತಣ್ಣೀರಲ್ಲಿ ಹಿಟ್ಟು ಕಲಸಿದವರನ್ನು ಗದರಿದಳು. ಎಣ್ಣೆಗಾಯಿ ಬದನೆಯನ್ನು ತೊಟ್ಟು ಸಹಿತ ಇಡದೆ ತುಂಡರಿಸಿದವಳ ಕೈಯಿಂದ ಚಾಕು ಕಸಿದಳು. ಪುಣೆಯ ತರುಣನೊಬ್ಬ ಹಿಟ್ಟನ್ನು ಮೀಸೆಯಂತೆ ಮೂತಿಗೆ ಮೆತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಅವನ ಮುಂಗೈ ಮೇಲೆ ಫಟ್ಟೆಂದು ಹೊಡೆದಳು. ಅವನು ಹೋದ ಮೇಲೆ ಅಡುಗೆಯವಳು ಒರಟು, ಕೈ ಮಾಡುತ್ತಾಳೆ ಎಂದು ಇಂಟರ್ನೆಟ್ಟಿನಲ್ಲಿ ಬರೆದ. ಅಂಥ ದೂರುಗಳು ಇನ್ನೂ ಮೂರು ಬಂದವು.

ಶೈಲಜಾ ಒಂದು ಮುಂಜಾನೆ ಅಡುಗೆಮನೆಗೆ ಬಂದು ನಿಂತಳು. "ವಿರೂಪಾಕ್ಷಮ್ಮಾರ, ಇವತ್ತಿನಿಂದ ಗೆಸ್ಟ್ ಮುಂದ ಬಾಯಿ ತಗೀಬ್ಯಾಡ್ರಿ. ನಿಮ್ಮ ಮಾತು ಅವರಿಗೆ ತಿಳಿಯೂದಿಲ್ಲ, ಬರೇ ಗದ್ದಲ ಅನ್ನಿಸತೈತಿ. ಕೈಯಿಂದ ತೋರಿಸ್ರಿ, ಸಾಕು."

"ತಪ್ಪ ಮಾಡಿದ್ರ ಹೆಂಗ್ರಿ ಅಕ್ಕಾರ?"

"ಮಾಡಲಿ ಬಿಡ್ರಿ. ಅವರೇನು ನಮ್ಮನಿಗೆ ಸೊಸಿ ಆಗಿ ಬರ್ತಾರೇನು?"

ಕೆಲಸ ಬೇಕಿತ್ತು. ವಿರೂಪಾಕ್ಷಮ್ಮ ಬಾಯಿ ಕಟ್ಟಿಕೊಂಡಳು. ಬೈಗುಳವೆಲ್ಲ ಹಿಟ್ಟಿನ ಮೇಲೆ ಇಳಿಯುತ್ತಿತ್ತು, ನಾದುವಾಗ ಹಲಗೆ ಅಲುಗಾಡುತ್ತಿತ್ತು. ಮಧ್ಯಾಹ್ನ ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕವರೊಂದಿಗೆ ಆ ಎರಡು ತಾಸಿನ ಮಾತನ್ನೂ ಸೇರಿಸಿ ಆಡುತ್ತಿದ್ದಳು.

ಕೆಲವೇ ದಿನಗಳಲ್ಲಿ ಅತಿಥಿಗಳ ರೀತಿ ಬದಲಾದದ್ದು ಆಕೆಗೆ ಕಾಣಿಸಿತು. ಬಂದವರು ಕೈ ಮುಗಿಯುತ್ತಿದ್ದರು, ಭುಜ ಸವರುತ್ತಿದ್ದರು. ಕೆಲವರ ಕಣ್ಣಲ್ಲಿ ನೀರಾಡುತ್ತಿತ್ತು. ಈರುಳ್ಳಿಗೋ ಹೊಗೆಗೋ ಇರಬೇಕು ಎಂದುಕೊಂಡಳು. ಇಲ್ಲವೆ, ತನ್ನ ಕೈರುಚಿಗೆ ಸೋತರು ಎಂದುಕೊಂಡಳು. ಅವರಲ್ಲಿ ಹೆಲೆನ್ ಎಂಬ ಬಿಳಿಗೂದಲಿನ ಪರದೇಶದ ಹೆಂಗಸು ಮೂರು ವಾರ ಉಳಿದಳು. ದಿನಾ ಎಲ್ಲರಿಗಿಂತ ಮೊದಲು ಬಂದು ಒಲೆ ಮುಂದೆ ಕೂರುತ್ತಿದ್ದಳು. ಹದಿನಾಲ್ಕನೆಯ ದಿನ ಅವಳ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಹೊರಡುವ ದಿನ ಹೆಲೆನ್ ತನ್ನ ನೀಲಿ ಶಾಲು ತೆಗೆದು ವಿರೂಪಾಕ್ಷಮ್ಮನಿಗೆ ಹೊದಿಸಿ, ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಒಡಹುಟ್ಟಿದವರೂ ಹಂಗ ಅತ್ತಿಲ್ಲ ನನಗ" ಎಂದು ವಿರೂಪಾಕ್ಷಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು.

ಮೂರನೆಯ ವರ್ಷದ ಕೊನೆಗೆ, ಚಳಿ ಹಿಡಿದ ದಿನಗಳಲ್ಲಿ, ಸುನಿತಾ ಎಂಬ ನಿವೃತ್ತ ಶಿಕ್ಷಕಿ ಹಾವೇರಿಯಿಂದ ಬಂದಿಳಿದರು. ಅದುವರೆಗೆ ಅಲ್ಲಿಗೆ ಕನ್ನಡದವರು ಬಂದದ್ದೇ ಅಪರೂಪ. ಬಂದರೂ ಶೈಲಜಾ ಅವರನ್ನು ಬೆಳಿಗ್ಗೆ ಗುಡ್ಡಕ್ಕೆ ಕಳಿಸಿಬಿಡುತ್ತಿದ್ದಳು. ಸುನಿತಾ ಮಂಡಿನೋವಿನವರು, ಗುಡ್ಡ ಬೇಡವೆಂದು ಅಡುಗೆ ಕಲಿಯಲು ಬಂದರು. ಆ ದಿನ ಎಂಟು ಜನ ಇದ್ದರು. ತಟ್ಟೆ ತರಲು ಶೈಲಜಾ ಒಳಗೆ ಹೋದಾಗ ಸುನಿತಾ ವಿರೂಪಾಕ್ಷಮ್ಮನ ಮುಂದೆ ಕೂತು, ಹಿಟ್ಟು ತೋರಿಸಿ, ಕೈ ತಿರುಗಿಸಿ, ಬಾಯಿ ಮುಟ್ಟಿಕೊಂಡು ಏನೇನೋ ಸನ್ನೆ ಮಾಡತೊಡಗಿದರು. ವಿರೂಪಾಕ್ಷಮ್ಮ ಸ್ವಲ್ಪ ಹೊತ್ತು ನೋಡಿದಳು. ಶೈಲಜಾ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡಳು.

"ಯಾಕ್ರಿ ಅಕ್ಕಾರ, ಹಂಗ್ಯಾಕ ಕೈ ತಿರುವಾಕತ್ತೀರಿ? ನಿಮಗ ಬಾಯಿ ಬರೂದಿಲ್ಲೇನ್ರಿ?"

ಸುನಿತಾ ಕಿರುಚಿಕೊಂಡು ಎದ್ದೇಬಿಟ್ಟರು. ಅವರ ಕಾಲು ತಾಗಿ ನೀರಿನ ಪಾತ್ರೆ ಉರುಳಿತು. "ನೀವು... ನೀವು ಮಾತಾಡ್ತೀರೇನು?"

"ಮತ್ತ? ಹುಟ್ಟಿದಾಗಿಂದ ಮಾತಾಡಾಕತ್ತೀನಿ."

ಸುನಿತಾ ಫೋನು ತೆಗೆದರು. ವಿಲ್ಲಾದ ಇಂಟರ್ನೆಟ್ ಪುಟದಲ್ಲಿ ಹಿಟ್ಟು ನಾದುತ್ತಿದ್ದ ವಿರೂಪಾಕ್ಷಮ್ಮನ ದೊಡ್ಡ ಫೋಟೊ ಇತ್ತು. ಕೆಳಗಿನ ಇಂಗ್ಲಿಷನ್ನು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಓದಿದರು. ಈ ತಾಯಿ ಹುಟ್ಟಿನಿಂದ ಮೂಕಿ. ಗಂಡನ ಮನೆಯವರು ಹೊರಹಾಕಿದ ಈಕೆಗೆ ನಮ್ಮ ವಿಲ್ಲಾ ಆಸರೆ ಕೊಟ್ಟಿದೆ. ಆಕೆಯ ಕೈಗಳೇ ಆಕೆಯ ಮಾತು. ಅದರ ಕೆಳಗೆ ನೂರಾರು ಜನ ಬರೆದಿದ್ದರು: ಕಣ್ಣು ತುಂಬಿ ಬಂತು, ಬದುಕಿನಲ್ಲಿ ಮರೆಯಲಾರೆ, ಮೌನದಿಂದ ಎಷ್ಟೆಲ್ಲ ಕಲಿತೆ.

ತಟ್ಟೆ ಹಿಡಿದು ಬಂದ ಶೈಲಜಾಳಿಗೆ ಎಲ್ಲ ತಿಳಿಯಲು ಕ್ಷಣ ಸಾಕಾಯಿತು. ವಿರೂಪಾಕ್ಷಮ್ಮ ಎದ್ದು ನಿಂತಿದ್ದಳು. ಕೈತುಂಬ ಹಿಟ್ಟು.

"ನಾ ಮೂಕೀನೇನು? ನನ್ನ ಗಂಡನ ಮನಿಯವರು ನನ್ನ ಹೊರಗ ಹಾಕ್ಯಾರೇನು? ಆ ಮನ್ಯಾಗ ಈಗ ದೀಪ ಹಚ್ಚಾಕಿ ಯಾರು?"

"ಗೆಸ್ಟ್ ಅದಾರ. ಒಳಗ ಬರ್ರಿ, ಮಾತಾಡೂಣು."

"ಇಲ್ಲೇ ಮಾತಾಡು."

ಬಹುವಚನ ಬಿದ್ದುಹೋದದ್ದನ್ನು ಶೈಲಜಾ ಗಮನಿಸಿದಳು. ಅವಳ ಮುಖವೂ ಬಿಗಿಯಿತು. "ಹೌದು, ಬರದೀನಿ. ನಿನ್ನ ಬಾಯಿಂದ ನನ್ನ ಮನಿ ಹೆಸರು ಕೆಟ್ಟಿತ್ತು. ಮೂಕಿ ಅಂತ ಹೇಳಿದ ಮ್ಯಾಲೆ ಒಬ್ಬರರ ದೂರಿದ್ರೇನು? ನೀ ಬೈದ್ರ ಅವರಿಗೆ ಸಿಟ್ಟು ಬರತಿತ್ತು, ಈಗ ಕರುಣಾ ಬರತೈತಿ. ನಿನಗೇನು ಕಡಿಮಿ ಆತು ಅದರಿಂದ?"

ವಿರೂಪಾಕ್ಷಮ್ಮ ಕೈಯ ಹಿಟ್ಟು ಉಜ್ಜಿ ಉದುರಿಸಿದಳು. ಕೇಳಿದಾಗ ದನಿ ಇಳಿದಿತ್ತು. "ಹೆಲೆನಮ್ಮ ಅತ್ತಿದ್ದು ಇದಕ್ಕೇನು?"

ಶೈಲಜಾ ತಟ್ಟೆಗಳನ್ನು ಹಲಗೆಯ ಮೇಲೆ ಇಳಿಸಿದಳು.

"ಆಕಿಗೆ ಫೋನ್ ಹಚ್ಚು. ಈಗ ಹಚ್ಚು. ನಾ ಮಾತಾಡ್ತೀನಿ, ಆಕಿ ಕೇಳಲಿ."

"ಹಚ್ಚೂದಿಲ್ಲ. ಹುಚ್ಚ ಹಿಡದೈತೇನು ನಿನಗ?"

ವಿರೂಪಾಕ್ಷಮ್ಮ ಹೊರಟು ಹೋಗಲಿಲ್ಲ. ಹೋಗುತ್ತಾಳೆ ಎಂದು ಶೈಲಜಾ ಎಣಿಸಿದ್ದು ತಪ್ಪಾಯಿತು. ಆಕೆ ಮತ್ತೆ ಒಲೆ ಮುಂದೆ ಕೂತು, ಎರಡು ವರ್ಷ ನುಂಗಿದ್ದನ್ನೆಲ್ಲ ಹೊರಗೆ ಹಾಕುತ್ತ ಪಾಠ ಮುಂದುವರಿಸಿದಳು. ಹಿಟ್ಟಿಗೆ ಜಿಗಿ ಬರುವ ತನಕ ನಾದಬೇಕು, ನಿಮ್ಮ ಹಂಗ ಗಲ್ಲ ಸವರಿದಂಗ ಸವರಿದ್ರ ಬರೂದಿಲ್ಲ ಅಂದಳು. ನಿಮ್ಮ ಕಣ್ಣೀರು ನನ್ನ ಹಿಟ್ಟಿನಾಗ ಹಾಕಬ್ಯಾಡ್ರಿ ಅಂದಳು. ಸುನಿತಾ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಮೂಕಿ ಮಾತಾಡುವುದನ್ನು ಕಂಡ ಜನ ಮೊದಲು ಬೆಪ್ಪಾದರು. ಆಮೇಲೆ ರೇಗಿದರು. ಶೈಲಜಾಳ ಮೇಲೆ ಎಗರಿದರು, ಮೋಸ ಎಂದು ಕೂಗಿದರು. ಅದು ನ್ಯಾಯವೇ. ಆದರೆ ಚೆನ್ನೈನಿಂದ ಬಂದಿದ್ದ ದಂಪತಿ ವಿರೂಪಾಕ್ಷಮ್ಮನ ಕಡೆಗೂ ಬೆರಳು ಮಾಡಿದರು. ಇವಳೂ ಸೇರಿಕೊಂಡೇ ಆಡಿದ ನಾಟಕ ಇದು ಎಂದರು. ಆ ಮಾತನ್ನು ತಿರುಗಿಸಿ ಹೇಳಲು ಸುನಿತಾ ಹಿಂಜರಿದರು.

"ಏನಂದ್ರು? ಹೇಳ್ರಿ."

ಸುನಿತಾ ಹೇಳಿದರು. ಹೇಳಿ, ತಾವೂ ಒಂದು ಮಾತು ಸೇರಿಸಿದರು. "ತಪ್ಪ ತಿಳ್ಕೋಬ್ಯಾಡ್ರಿ. ಎರಡ ವರ್ಷ ಗೊತ್ತಾಗಲಿಲ್ಲ ಅಂದ್ರ ನಂಬೂದು ಸ್ವಲ್ಪ ಕಷ್ಟ ಐತ್ರಿ."

ವಿರೂಪಾಕ್ಷಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು. ಅದು ಸೀಯುವ ವಾಸನೆ ತೋಟದ ಬೇಲಿ ದಾಟುವ ತನಕ ಆಕೆಯ ಮೂಗಿಗೆ ಬಡಿಯುತ್ತಿತ್ತು.

ಮುಂದಿನ ತಿಂಗಳುಗಳು ಕೆಟ್ಟವು. ಶೈಲಜಾ ಸುತ್ತಲಿನ ತಂಗುಮನೆಯವರಿಗೆಲ್ಲ ಫೋನು ಮಾಡಿ, ಆಕೆಯನ್ನು ಇಟ್ಟುಕೊಂಡರೆ ಗೆಸ್ಟ್ ಓಡಿಹೋಗುತ್ತಾರೆ ಎಂದು ಹೇಳಿದ್ದಳು. ಆನೆಗುಂದಿಯ ತನಕ ಒಂದು ಅಡುಗೆಮನೆಯೂ ಬಾಗಿಲು ತೆರೆಯಲಿಲ್ಲ. ಊರಿನಲ್ಲಿ ಸುದ್ದಿ ಹಬ್ಬಿ, ಹಿಟ್ಟಿನ ಗಿರಣಿಯಲ್ಲಿ ಹೆಂಗಸರು "ಬಂದಳು ನೋಡ್ರಿ ಮೂಕವ್ವ" ಎಂದು ನಗತೊಡಗಿದರು. ಒಂದು ದಿನ ಆಕೆ ಹಾಗೆಂದವಳ ಜೋಳದ ಬುಟ್ಟಿಯನ್ನು ಬೀದಿಗೆ ಸುರಿದು ಬಂದಳು. ಮರುದಿನದಿಂದ ಬೇರೆ ಊರಿನ ಗಿರಣಿಗೆ ಹೋದಳು. ಕೂಲಿಗೆಂದು ನಾಟಿ ಹಚ್ಚಲು ಇಳಿದರೆ ಸೊಂಟ ಕೇಳುತ್ತಿರಲಿಲ್ಲ. ಭಾಗ್ಯನಗರದಿಂದ ಸಹನಾ ಬಂದು ತಾಯಿಯನ್ನು ಕರೆದಳು. "ನಮ್ಮನ್ಯಾಗ ಇರು ಬಾ ಯವ್ವಾ. ಈ ಊರಾಗ ಯಾಕ ಬಡದಾಡ್ತಿ?"

"ಊರು ಬಿಟ್ಟ ಹೋದ್ರ, ಹೊರಗ ಹಾಕ್ಯಾರ ಅಂತ ಆಕಿ ಬರದದ್ದು ಖರೇ ಆಗತೈತಿ, ಹೌದಿಲ್ಲೋ?" ಅಂದಳು ವಿರೂಪಾಕ್ಷಮ್ಮ. ಮಗಳು ಹೋದ ಮೇಲೆ ವಿರೂಪಾಕ್ಷಮ್ಮ ಟ್ರಂಕಿನಿಂದ ನೀಲಿ ಶಾಲು ತೆಗೆದು ಅದರಲ್ಲಿ ಹಂಚು ಒರೆಸಿದಳು. ಒರೆಸಿದ ಮೇಲೆ ಸಂಕಟವಾಗಿ ತೊಳೆದು ಒಣಹಾಕಿದಳು. ಮಸಿ ಪೂರಾ ಹೋಗಲಿಲ್ಲ.

ಬೇಸಿಗೆಗೆ ಮುಂಚೆ ಗಂಗಾವತಿ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ಗೋಣೆಪ್ಪ ಹೇಳಿ ಕಳಿಸಿದ. ಕುಷ್ಟಗಿ ಕಡೆಯವನು, ಕಡಕ್ ಮಾತಿನವನು. "ಬಾಯಿ ಭಾಳ ಅಂತಾರ ನಿಮಗ," ಅಂದ.

"ಐತಿ. ಬ್ಯಾಡಾದ್ರ ಈಗ ಹೇಳು, ಬಸ್ಸಿಗೆ ಹೋಗ್ತೀನಿ."

"ನಮ್ಮ ಗಿರಾಕಿ ಗದ್ದಲದಾಗ ಉಣ್ಣೋರು. ರೊಟ್ಟಿ ಬಿಸಿ ಇದ್ರ ಸಾಕು."

ಹೀಗೆ ಆಕೆ ದಿನಾ ಬೆಳಗಿನ ಬಸ್ಸು ಹಿಡಿದು ಗಂಗಾವತಿಗೆ ಹೋಗತೊಡಗಿದಳು. ಲಾರಿ ಚಾಲಕರು, ಕೋರ್ಟಿಗೆ ಬಂದವರು, ಕಾಲೇಜಿನ ಮಾಸ್ತರರು ಉಣ್ಣುವ ಜಾಗ. ಪುಂಡಿಸೊಪ್ಪಿನ ಪಲ್ಯ ಎಲೆಯಲ್ಲೇ ಬಿಟ್ಟವರನ್ನು ಒಳಗಿನಿಂದಲೇ ಜಾಡಿಸುತ್ತಿದ್ದಳು. ಅವರೂ ತಿರುಗಿ ಜಾಡಿಸುತ್ತಿದ್ದರು. ಯಾರೂ ಏನನ್ನೂ ಬರೆಯಲಿಲ್ಲ.

ಅಲ್ಲಿಗೆ ಶೈಲಜಾ ಒಂದು ಮಧ್ಯಾಹ್ನ ಬಂದಳು. ಬಿಸಿಲಲ್ಲಿ ಕಾರು ನಿಲ್ಲಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಒಲೆಯ ತನಕ ನಡೆದು ಬಂದಳು. ವಿಲ್ಲಾಕ್ಕೆ ಜನ ಕಡಿಮೆಯಾಗಿದ್ದರು. ಅವಳು ಬಡಿದ ರೊಟ್ಟಿ ಅಂಚು ಹರಿದು ಹಂಚಿಗೆ ಅಂಟುತ್ತಿತ್ತು.

"ವಿರೂಪಾಕ್ಷಮ್ಮಾರ, ಆದದ್ದು ಆತು. ತಿರುಗಿ ಬರ್ರಿ. ಈಗ ಎಷ್ಟ ಬೇಕಾದ್ರೂ ಮಾತಾಡ್ರಿ. ಅವತ್ತು ನೀವು ಬೈದಿದ್ದರ ವಿಡಿಯೋ ಯಾರೋ ಹಾಕ್ಯಾರ, ಮಂದಿ ನೋಡಿ ನಗಾಕತ್ಯಾರ. ಬೈಯೋ ಅಜ್ಜಿ ಅಡಗಿ ಕಲಿಸ್ತಾಳ ಅಂತ ಹಾಕಿದ್ರ ಸಾಲು ಹಚ್ಚಿ ಬರ್ತಾರ."

ವಿರೂಪಾಕ್ಷಮ್ಮ ರೊಟ್ಟಿ ತಿರುವಿ ಹಾಕಿ, ಒದ್ದೆ ಬಟ್ಟೆ ಆಡಿಸಿ, ಆಮೇಲೆ ತಲೆಯೆತ್ತಿದಳು.

"ಮೊದಲ ಮೂಕಿ ಮಾಡಿ ತೋರಿಸಿದಿ. ಈಗ ಬೈಯೋ ಮುದಕಿ ಮಾಡಿ ತೋರಿಸ್ತಿ. ನಾ ಬಂದಿದ್ದು ಮಂದಿಗೆ ರೊಟ್ಟಿ ಕಲಿಸಾಕ, ಶೈಲಜಾ. ತಪ್ಪಾತು ಅಂತ ಒಂದ ಮಾತು ಅನ್ನು."

"ತಪ್ಪು ಇಬ್ಬರದೂ ಐತಿ."

"ಹಂಗಾದ್ರ ನಡಿ. ಹಿಂದ ಗಿರಾಕಿ ನಿಂತಾರ."

ಶೈಲಜಾ ಕೆಂಪಾದಳು. "ನಾ ಕೆಲಸ ಕೊಡದಿದ್ರ ನಿನ್ನ ಯಾರು ಕೇಳ್ತಿದ್ರು? ಈ ಹೊಗ್ಯಾಗ ಸಾಯಿ" ಎಂದು ಎಲ್ಲರಿಗೂ ಕೇಳುವಂತೆ ಅಂದು ಹೊರಟಳು. ವಿರೂಪಾಕ್ಷಮ್ಮ ಬಾಗಿಲ ತನಕ ಬೆನ್ನು ಹತ್ತಿ ಹೋಗಿ, ಕಾರಿನ ಗಾಜು ಏರುವ ತನಕ ಬೈದಳು. ಉಣ್ಣುತ್ತಿದ್ದವರು ಕೈ ಬಾಯಲ್ಲಿಟ್ಟುಕೊಂಡು ನೋಡಿದರು. ತಿರುಗಿ ಬಂದಾಗ ಆಕೆ ಏದುಸಿರು ಬಿಡುತ್ತಿದ್ದಳು. ಗೋಣೆಪ್ಪ ಒಂದು ಲೋಟ ನೀರು ಮುಂದಿಟ್ಟು, ತಾನೇ ಎರಡು ರೊಟ್ಟಿ ಬೇಯಿಸಿದ.

ವಿಲ್ಲಾದಲ್ಲಿ ಈಗ ರೊಟ್ಟಿ ಕಲಿಸುವುದಿಲ್ಲ. ಶೈಲಜಾ ಅಬೇದಾಬಿ ಎಂಬಾಕೆಯನ್ನು ತಂದು, ಆಕೆಯ ಕೈಯಿಂದ ಬಗಾರಾ ಅನ್ನ, ದಾಲ್ಚಾ ಸಾರು ಕಲಿಸುತ್ತಿದ್ದಾಳೆ. ಅಬೇದಾಬಿ ಒಲೆ ಹಚ್ಚುವ ಮೊದಲು, ತನ್ನ ಬಗ್ಗೆ ಪುಟದಲ್ಲಿ ಏನು ಬರೆದಿದೆ ಎಂದು ಓದು ಬಲ್ಲ ತಂಗಿಯ ಮಗಳಿಂದ ಪೂರ್ತಿ ಓದಿಸಿಕೊಂಡಳಂತೆ. ಗಂಡ ಬಿಟ್ಟವಳು ಎಂದಿದ್ದ ಒಂದು ಸಾಲನ್ನು ಅಲ್ಲೇ ನಿಂತು ಅಳಿಸಿ ಹಾಕಿಸಿದಳಂತೆ.