ಗುಂಡುಸೂಜಿ ಅತ್ತೆಯ ಕತ್ತು

ನನ್ನ ಸೋದರತ್ತೆ ಬಟ್ಟೆ ಹೊಲಿಯುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಾಳೆ. ಹಾಗಾಗಿ ಅಂಗಡಿಗೆ ಬಂದವರಿಗೆ ಉತ್ತರ ಕೊಡುವ ಕೆಲಸ ಮಾವನದು. ತೋಳು ಬಿಗಿಯಾಯಿತೆಂದು ಯಾರಾದರೂ ರೇಗಿದರೆ ಅತ್ತೆ ಹುಬ್ಬು ಏರಿಸುತ್ತಾಳೆ. ಮಾವ ಆ ಹುಬ್ಬನ್ನು ಓದಿ, "ತೋಳು ಸರಿಯಾಗೇ ಇದೆ, ನೀವೇ ಸ್ವಲ್ಪ ಊದಿದೀರಿ" ಎನ್ನುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದು, ಸೂಜಿ ಇಲ್ಲದಾಗಲೂ ಅವಳ ಪರವಾಗಿ ಬಾಯಿ ಬಿಡುವವರು ಮಾವನೇ.

ಅತ್ತೆಯ ಕತ್ತಿನಲ್ಲಿ ಗಂಟು ಕಾಣಿಸಿತು. ಮೊದಲ ಡಾಕ್ಟರು 'ಸಸ್ಪಿಷಿಯಸ್' ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡರು.

"ಅನುಮಾನ ಯಾರ ಮೇಲಂತೆ?" ಎಂದಳು ಅತ್ತೆ, ಹೊರಗೆ ಬಂದು.

"ಗಂಟಿನ ಮೇಲೆ ಕಣೇ," ಎಂದರು ಮಾವ.

"ಗಂಟೇನು ಕಳ್ಳನಾ? ಕ್ಯಾನ್ಸರೋ ಅಲ್ವೋ, ಅಷ್ಟು ಹೇಳೋಕೆ ಏನು ಬಂತು ರೋಗ?"

ಸ್ಕ್ಯಾನ್ ಮಾಡಿದವರು "ನಿಮ್ಮ ಡಾಕ್ಟರೇ ಹೇಳ್ತಾರೆ" ಎಂದರು. ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಒಂಚೂರು ತೆಗೆದವರು ಏನೂ ಹೇಳದೆ ಭುಜ ತಟ್ಟಿದರು. ಅವಳು ನಿಜಕ್ಕೂ ಹೆದರಿದ್ದು ಆಗಲೇ. "ಸುಮ್‌ಸುಮ್ನೆ ಯಾರಾದ್ರೂ ಭುಜ ತಟ್ತಾರೇನ್ರೀ?"

ಕೊನೆಗೆ ದೊಡ್ಡ ಡಾಕ್ಟರು. ಅವರ ಕಣ್ಣು ಕಂಪ್ಯೂಟರಿನಲ್ಲಿ ನೆಟ್ಟಿತ್ತು. "ಪೇಷೆಂಟ್ ಕೂತ್ಕೊಳ್ಳಿ" ಎಂದರು. ಇದ್ದದ್ದು ಒಂದೇ ಸ್ಟೂಲು. ಅಭ್ಯಾಸಬಲದಿಂದ ಮಾವ ಕೂತರು.

"ನುಂಗೋಕೆ ಕಷ್ಟ ಆಗುತ್ತಾ?"

"ನೀರು ಇಳಿಯುತ್ತೆ ಸಾರ್, ಮಾತ್ರೆ ಸಿಕ್ಕಿಕೊಳ್ಳುತ್ತೆ," ಎಂದರು ಮಾವ.

ಡಾಕ್ಟರು ಪರದೆಯಿಂದ ಕಣ್ಣು ಕೀಳದೆ ಕೈ ಚಾಚಿದರು. ಅಷ್ಟು ದೊಡ್ಡವರು ಕೈ ಚಾಚಿದಾಗ ಇಲ್ಲವೆನ್ನುವುದು ಹೇಗೆ? ಮಾವ ಕತ್ತು ಚಾಚಿದರು. ಡಾಕ್ಟರು ಮುಟ್ಟಿದರು, ಒತ್ತಿದರು. "ಹ್ಞೂಂ, ಗಟ್ಟಿಯಾಗೇ ಇದೆ. ಮ್ಯಾಲಿಗ್ನೆನ್ಸಿ ಅಂತ ಬಂದಿದೆ, ತೆಗೆಸಿಬಿಡಿ. ಮಿಕ್ಕಿದ್ದು ಕೌಂಟರಲ್ಲಿ ಹೇಳ್ತಾರೆ."

ಮಾವ ಬಿಳಿಚಿಕೊಂಡರು. ಒಂದು ಗಳಿಗೆ ತಮ್ಮ ಕತ್ತಿನ ಮೇಲೆ ತಮಗೇ ಅನುಮಾನ ಬಂದಿರಬೇಕು.

ಅತ್ತೆ ಮೇಜು ಬಳಸಿ ಹೋಗಿ, ಡಾಕ್ಟರಿಗೂ ಪರದೆಗೂ ನಡುವೆ ಮುಖ ತೂರಿಸಿದಳು.

"ಡಾಕ್ಟ್ರೇ, ಆ ಕತ್ತು ಬಿಡಿ, ಅದರಲ್ಲಿ ಏನೂ ಇಲ್ಲ. ಅದರ ಮೇಲಿರೋದ್ರಲ್ಲೂ ಅಷ್ಟೇ. ಗಂಟಿರೋದು ಇಲ್ಲಿ. ನನ್ನ ಮುಖ ನೋಡ್ಕೊಂಡು ಹೇಳಿ. ಕ್ಯಾನ್ಸರಾ?"

ಡಾಕ್ಟರು ಮಾವನ ಕತ್ತಿನಿಂದ ಕೈ ತೆಗೆದರು. ಕನ್ನಡಕವನ್ನೂ ತೆಗೆದರು.

"ಹೌದಮ್ಮ. ಕ್ಯಾನ್ಸರ್."

ಅತ್ತೆ ಮಾವನನ್ನು ಎಬ್ಬಿಸಿ ತಾನು ಸ್ಟೂಲಿನ ಮೇಲೆ ಕೂತಳು. ಮೇಜಿನ ಮೇಲೆ ಮುಚ್ಚಿಟ್ಟಿದ್ದ ಡಾಕ್ಟರ ನೀರಿನ ಲೋಟ ತೆಗೆದು, ಗಟಗಟ ಕುಡಿದು ಬರಿದು ಮಾಡಿದಳು. ಯಾರೋ ಬಾಗಿಲು ತಳ್ಳಿ ಇಣುಕಿದಾಗ "ಆಮೇಲೆ ಬನ್ನಿ" ಎಂದು ಡಾಕ್ಟರೇ ಗದರಿದರು.

"ಸಾಯ್ತೀನಾ?"

"ಈ ಥರದ್ದರಲ್ಲಿ ಬಹಳ ಜನ ಉಳ್ಕೋತಾರೆ. ನೀವೂ ಉಳ್ಕೋತೀರಿ ಅಂತ ನನ್ನ ನಂಬಿಕೆ. ಆದ್ರೆ ಗ್ಯಾರಂಟಿ ಕೊಡೋಕಾಗಲ್ಲಮ್ಮ."

ಮಾವ ಏನೋ ಕೇಳಲು ಬಾಯಿ ತೆರೆದರು.

"ನೀವು ಸುಮ್ನಿರ್ರೀ," ಎಂದಳು ಅತ್ತೆ, ಅವರ ಕೈ ಹಿಡಿದುಕೊಂಡು. "ಡಾಕ್ಟ್ರು ಈಗ ತಾನೇ ಮಾತಾಡೋಕೆ ಶುರು ಮಾಡಿದಾರೆ."