ಡಿಂಪ್ನಾ ಹೇಳಿದ ಮೊದಲ ‘ಬೇಡ’

ಯಾರಾದರೂ ಏನಾದರೂ ಕೊಡಲು ಬಂದರೆ ಡಿಂಪ್ನಾಳ ಬಾಯಿಂದ ಮೊದಲು ಹೊರಡುವ ಮಾತು ‘ಬೇಡ’. ಚಹಾ ಬೇಡ, ಕುರ್ಚಿ ಬೇಡ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿದ್ದರೂ ಕಾರಿನಲ್ಲಿ ಮನೆಗೆ ಬಿಡುವುದು ಬೇಡ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ನಮ್ಮ ಸ್ಲೈಗೋ ಕಡೆ ಮೊದಲ ಸಲಕ್ಕೇ ‘ಹೂಂ’ ಅಂದರೆ ಹೆತ್ತವಳ ಮಾನ ಹೋದಂತೆ. ಉಪಚಾರಕ್ಕೆ ಒಮ್ಮೆ ಬೇಡ ಅನ್ನಬೇಕು, ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಅನ್ನಬೇಕು, ಮೂರನೇ ಸಲ ‘ನೀವು ಬಿಡೋದೇ ಇಲ್ವಲ್ಲ’ ಎಂದು ಗೊಣಗುತ್ತಾ ಕೈಚಾಚಬೇಕು. ಕೇಳುವವರಿಗೂ ಇದು ಗೊತ್ತು. ಅವರೂ ಪಟ್ಟು ಬಿಡುವುದಿಲ್ಲ.

ಹಿಂದೆ ಒಮ್ಮೆ ಇದು ಅವಳಿಗೆ ಕೈಕೊಟ್ಟಿತ್ತು. ಡಬ್ಲಿನ್‌ನ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಕೆಲಸವಿದೆ ಎಂದು ಕರೆಯಲು ಬಂದ ಚಿಕ್ಕಮ್ಮನಿಗೆ ರೈಲು ಹಿಡಿಯುವ ಅವಸರ. ಹುಡುಗಿ ಡಿಂಪ್ನಾ ‘ಅಯ್ಯೋ, ನಂಗ್ಯಾಕೆ ಚಿಕ್ಕಮ್ಮಾ’ ಅಂದದ್ದೇ ತಡ, ಆಕೆ ಪಕ್ಕದ ಮನೆಯ ಹುಡುಗಿಯನ್ನು ಕರೆದುಕೊಂಡು ಹೊರಟೇಬಿಟ್ಟಳು. ಡಿಂಪ್ನಾ ಊರಿನ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಕೂತು, ಕಂಡವರ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಾ, ಮದುಮಗಳ ಗೌನು ಬಿಗಿ ಮಾಡುತ್ತಾ ಅರವತ್ತು ದಾಟಿದಳು. ಮದುವೆಯಾಗಲಿಲ್ಲ. ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡಳು. ಅಮ್ಮ ಹೋದಮೇಲೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಒಬ್ಬಳೇ ಇದ್ದಳು.

ಕಳೆದ ಚಳಿಗಾಲದಲ್ಲಿ ಫಿಂಟನ್ ಬಂದ. ಚಿಕ್ಕಂದಿನಲ್ಲಿ ಅವಳ ಜೊತೆ ಕುಣಿದವನೇ. ಆಮೇಲೆ ಜರ್ಮನಿಯ ಬ್ರೆಮೆನ್‌ಗೆ ಹೋಗಿ, ಹಡಗುಕಟ್ಟೆಯಲ್ಲಿ ಕೆಲಸ ಹಿಡಿದು, ಹೈಕಾ ಎಂಬವಳನ್ನು ಮದುವೆಯಾಗಿ, ಈಗ ಅವಳನ್ನೂ ಕಳೆದುಕೊಂಡಿದ್ದ. ಇಲ್ಲಿ ಅಣ್ಣ ತೀರಿಕೊಂಡು ಹೊಳೆಯಾಚೆಯ ಮನೆ ಇವನ ಪಾಲಿಗೆ ಬಂದಿತ್ತು. ಅದನ್ನು ಮಾರಿ ಬ್ರೆಮೆನ್‌ನಲ್ಲಿರುವ ಮಗಳ ಹತ್ತಿರ ವಾಪಸ್ ಹೋಗುವುದೋ, ಇಲ್ಲೇ ಉಳಿಯುವುದೋ, ಬೇಸಿಗೆಯೊಳಗೆ ತೀರ್ಮಾನಿಸಬೇಕಿತ್ತು. ಸಂಜೆ ಹೊತ್ತು ಇಬ್ಬರೂ ಸಮುದ್ರದ ದಂಡೆಯಲ್ಲಿ ನಡೆದಾಡತೊಡಗಿದರು. ಅವನು ಉಳಿಯಲಿ ಎಂದು ಡಿಂಪ್ನಾ ಚರ್ಚಿನ ಪೂಜೆಯ ಹೊತ್ತಿನಲ್ಲೂ ಬೇಡಿಕೊಂಡಳು. ದೇವರ ಹತ್ತಿರ ಮಾತ್ರ ಅವಳಿಗೆ ಸಂಕೋಚವಿರಲಿಲ್ಲ.

ಏಪ್ರಿಲ್‌ನಲ್ಲಿ ಫಿಂಟನ್ ಅವಳನ್ನು ಹೊಳೆಬದಿಯ ಹೊಸ ಹೋಟೆಲಿಗೆ ಊಟಕ್ಕೆ ಕರೆದ. ಅಲ್ಲಿ ಮೊದಲು ದನದ ಮೇವಿನ ಗೋದಾಮು ಇತ್ತು. ಬಡಿಸುವ ಹುಡುಗಿ ಬಂದು ಪಾಠ ಒಪ್ಪಿಸಿದಳು.

“ನಮ್ಮಲ್ಲಿ ಎಲ್ಲಾ ಆಯಾ ಕಾಲದಲ್ಲಿ ಸಿಗೋದೇ. ತಟ್ಟೆಗಳು ಚಿಕ್ಕವು, ಎಲ್ಲಾನೂ ನಡುವೆ ಇಡ್ತೀವಿ, ನೀವು ಹಂಚ್ಕೊಂಡು ತಿನ್ನೋದು.”

“ನೀನು ಟೀಗ್ ಮಗಳಲ್ವೇನೇ?” ಅಂದಳು ಡಿಂಪ್ನಾ. “ನಿಮ್ಮಪ್ಪನ ಮದುವೆ ಕೋಟು ನಾನೇ ಸರಿಮಾಡಿದ್ದು. ಆಗ್ಲೇ ಗುಂಡಿ ಕೂರ್ತಿರ್ಲಿಲ್ಲ.”

ಹುಡುಗಿ ನಗುತ್ತಾ ಹೋದಳು. ಡಿಂಪ್ನಾಳಿಗೆ ಒಳಗೊಳಗೇ ಇರುಸುಮುರುಸು. ಎಲ್ಲರದೂ ಒಂದೇ ತಟ್ಟೆ ಎಂದಮೇಲೆ ಬಡಿಸುವ ಮನೆಯಾಕೆ ಯಾರು, ಒತ್ತಾಯ ಮಾಡುವವರು ಯಾರು? ಕಡಲಪಾಚಿಯ ಬೆಣ್ಣೆ ಹಚ್ಚಿದ ಕಂದು ಬ್ರೆಡ್ ಬಂತು. ಹುರಿದ ಬ್ರೆಡ್ಡಿನ ಮೇಲೆ ಏಡಿ, ಕಾಡು ಬೆಳ್ಳುಳ್ಳಿ ಸೊಪ್ಪು ಹಾಕಿದ ಎಳೆ ಆಲೂಗಡ್ಡೆ ಬಂದವು. ಏಡಿಯ ಕೊನೆಯ ತುಂಡು ಉಳಿಯಿತು.

“ತಗೋ.”

“ಬೇಡ ಬೇಡ, ನೀನೇ ತಗೋ.”

ಫಿಂಟನ್ ತೆಗೆದು ಬಾಯಿಗೆ ಹಾಕಿಕೊಂಡೇಬಿಟ್ಟ! ಡಿಂಪ್ನಾ ಕಣ್ಣು ಕಣ್ಣು ಬಿಟ್ಟಳು. ಆಸೆಗೆ ಹೀಗೆ ಮಾಡಿದ್ದಾನೆ ಎಂದುಕೊಂಡು ಸುಮ್ಮನಾದಳು. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು, ಪಾಪ.

ಅವನು ಬಾಯಿ ಒರೆಸಿಕೊಂಡು ಚಮಚ ಕೆಳಗಿಟ್ಟ. “ಡಿಂಪ್ನಾ, ನೇರವಾಗಿ ಕೇಳ್ತೀನಿ. ಒಬ್ಬನೇ ಆದ್ರೆ ನಾನು ಇಲ್ಲಿ ಇರಲ್ಲ. ನೀನು ಆ ಮನೆಗೆ ಬರ್ತೀಯಾ ಅಂದ್ರೆ ಇರ್ತೀನಿ. ಮದುವೆ ಮಾಡ್ಕೊಳ್ಳೋಣ.”

ಡಿಂಪ್ನಾಳ ಮುಖಕ್ಕೆ ರಕ್ತ ನುಗ್ಗಿತು.

“ಅಯ್ಯೋ ಬೇಡಪ್ಪಾ! ಈ ವಯಸ್ಸಲ್ಲಿ ನನ್ನ ಕಟ್ಕೊಂಡು ಏನ್ ಮಾಡ್ತೀಯಾ? ಊರೋರು ಹೊಟ್ಟೆ ಹಿಡ್ಕೊಂಡು ನಗ್ತಾರೆ.”

ಫಿಂಟನ್ ಚಮಚ ಮತ್ತೆ ಕೈಗೆತ್ತಿಕೊಂಡ. “ಸರಿ,” ಅಂದ. “ಕೇಳಿದ್ದು ತಪ್ಪಾಯ್ತಾ?”

“ತಪ್ಪೇನ್ ಬಂತು,” ಅಂದಳು ಅವಳು. ತಾನು ಬಾಗಿಲು ಹಾರುಹೊಡೆದು ಇಟ್ಟಿದ್ದೇನೆ ಎಂದೇ ಅವಳ ಲೆಕ್ಕ.

ಕುರಿಮರಿಯ ಮಾಂಸ ಬಂತು. ಅವನು ಮತ್ತೆ ಕೇಳಲಿಲ್ಲ. ರೂಬಾರ್ಬ್ ಎಂಬ ಹುಳಿದಂಟು ಹಾಕಿದ ಸಿಹಿ ಬಂತು, ಎರಡು ಚಮಚ ಬಂತು. ಅವನು ಬ್ರೆಮೆನ್‌ನ ಟ್ರಾಮುಗಳ ಬಗ್ಗೆ ಮಾತಾಡಿದ. ಮನೆಯ ಬಾಗಿಲಲ್ಲಿ ಕೇಳುತ್ತಾನೆ ಎಂದುಕೊಂಡಳು. ಬಾಗಿಲಲ್ಲಿ ಅವನು ಕೈಕುಲುಕಿ, ಚೆನ್ನಾಗಿ ನಿದ್ದೆ ಮಾಡು ಎಂದು ಹೋದ.

ಆಮೇಲೆ ದಂಡೆಯ ತಿರುಗಾಟ ಕಮ್ಮಿಯಾಯಿತು. ಡಿಂಪ್ನಾ ಕಾದಳು. ತಾನಾಗಿ ಹೋಗಿ ಹೇಳುವುದೆಂದರೆ, ತಟ್ಟೆಗೆ ಕೈಹಾಕಿ ಕಿತ್ತುಕೊಂಡ ಹಾಗಲ್ಲವೇ? ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಅವನ ಮಾತಿಗೆ ಬಾಯಲ್ಲೇ ಉತ್ತರ ಹಿಡಿದುಕೊಂಡು ಕಾದಳು. ಮೇ ತಿಂಗಳಲ್ಲಿ ಬೇಕರಿಯವಳು, “ಹೊಳೆಯಾಚೆ ಮನೆ ಮಾರಾಟ ಆಯ್ತಂತಲ್ಲ?” ಅಂದಾಗ ಬ್ರೆಡ್ಡನ್ನು ಅಲ್ಲೇ ಬಿಟ್ಟು ಓಡಿದಳು.

ಫಿಂಟನ್ ಅಂಗಳದಲ್ಲಿ ಅಣ್ಣನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ನೀನು ಇನ್ನೊಂದು ಸಲ ಯಾಕೋ ಕೇಳ್ಲಿಲ್ಲ?” ಅವಳಿಗೆ ಉಸಿರು ಸಿಗುತ್ತಿರಲಿಲ್ಲ.

“ಏನನ್ನ?”

“ಮದುವೆ ಮಾತು! ಮೊದಲ್ನೇ ಸಲಕ್ಕೇ ಯಾರು ಹೂಂ ಅಂತಾರೆ? ನಿಮ್ಮಮ್ಮ ನಿನಗೆ ಏನೂ ಕಲಿಸ್ಲಿಲ್ವಾ?”

ಅವನ ಕೈಯಿಂದ ಚೀಲ ಜಾರಿತು. “ನೀನು ಬೇಡ ಅಂದೆ. ಜರ್ಮನೀಲಿ ಬೇಡ ಅಂದ್ರೆ ಬೇಡ ಅಂತಾನೇ ಡಿಂಪ್ನಾ. ಎರಡನೇ ಸಲ ಕೇಳಿದ್ರೆ ಹೈಕಾ ಮೂರು ದಿನ ಮುಖ ಊದಿಸ್ಕೊಂಡಿರೋಳು. ನಂಗೆ ಇಲ್ಲೀದು ಮರೆತೇ ಹೋಗಿತ್ತು.” ಗೋಡೆಯ ಅಂಚಿನ ಮೇಲೆ ಕುಸಿದು ಕೂತ. “ಮನೆಗೆ ರುಜು ಹಾಕಿದ್ದಾಯ್ತು. ಮಗಳೂ ನನ್ನ ನಂಬ್ಕೊಂಡು ಕೆಲಸಕ್ಕೆ ಸೇರಿದ್ದಾಳೆ, ಮಗುನ ನೋಡ್ಕೊಳ್ಳೋಕೆ ನಾನೇ ಆಗ್ಬೇಕು. ಗಂಡ ಬಿಟ್ಟುಹೋದವಳು. ಅವಳಿಗೆ ಈಗ ಇಲ್ಲ ಅನ್ನೋಕಾಗಲ್ಲ.”

ಎಷ್ಟು ಸಣ್ಣ ವಿಷಯಕ್ಕೆ ಎಂಥಾ ಬಾಳು ತಪ್ಪಿತು ಎಂದುಕೊಳ್ಳುತ್ತಾ ಡಿಂಪ್ನಾ ಚೀಲದಿಂದ ಚೆಲ್ಲಿದ ಬಟ್ಟೆಗಳನ್ನು ಎತ್ತಿ ಮಡಚತೊಡಗಿದಳು.

“ಹಾಗಾದ್ರೆ ನೀನೇ ಬಾ,” ಅಂದ ಫಿಂಟನ್. “ಬ್ರೆಮೆನ್‌ಗೆ.”

“ಬೇಡ ಫಿಂಟನ್.”

ಈ ಸಲ ಅವನು ಹುಷಾರಾಗಿದ್ದ. “ಬಾ, ಡಿಂಪ್ನಾ.”

“ಬೇಡ ಕಣೋ. ಆ ಊರಲ್ಲಿ ನಾನು ಉಪಚಾರಕ್ಕೆ ಬೇಡ ಅಂದೂ ಅಂದೂ ಹಸಿದೇ ಸಾಯ್ತೀನಿ.”

ಇಬ್ಬರೂ ನಕ್ಕರು. ಅವನ ನಗು ಅರ್ಧಕ್ಕೇ ಒಡೆಯಿತು. ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ. “ಬರ್ತೀಯಾ?”

ಡಿಂಪ್ನಾ ತನ್ನೊಳಗೆ ಹುಡುಕಿದಳು. ಹೊಳೆ ದಾಟಿ ಈ ಮನೆಗೆ ಬರಲು ಅವಳು ಎಂದೋ ಸಿದ್ಧಳಿದ್ದಳು. ಮಾತು ಬಾರದ ಊರಿನಲ್ಲಿ, ಯಾರ ಕೋಟಿನ ಕತೆಯೂ ಗೊತ್ತಿಲ್ಲದ ಬೀದಿಯಲ್ಲಿ, ಅವನ ಮಗಳ ಮನೆಯ ಒಂದು ಮೂಲೆ ಹಿಡಿದು ಕೂರಲು ಅವಳಿಂದ ಆಗುವುದಿಲ್ಲ. ಬೇಡ ಎಂಬುದರ ಹಿಂದೆ ಯಾವಾಗಲೂ ಕಾದು ನಿಂತಿರುತ್ತಿದ್ದ ಹೂಂ ಈ ಸಲ ಅಲ್ಲಿರಲಿಲ್ಲ.

“ಬೇಡ,” ಅಂದಳು, ಅಳುತ್ತಾ.

ಫಿಂಟನ್ ನಾಲ್ಕನೇ ಸಲ ಕೇಳಲಿಲ್ಲ. ನಮ್ಮ ಕಡೆ ಯಾರೂ ಕೇಳುವುದಿಲ್ಲ.